ಆರರಿಂದ ಎಂಟೂವರೆಯವರೆಗೆ

ಆಕೆಯ ಸೆರಗಿನ ತುದಿ ಯಾವಾಗಲೂ ಒದ್ದೆಯಾಗಿರುತ್ತಿತ್ತು. ಸಿರುಗುಪ್ಪ ಕಡೆಯ ಬೇಸಿಗೆಯಲ್ಲೂ ಆ ಮೊಳದಷ್ಟು ಬಟ್ಟೆ ಒಣಗಿದ್ದನ್ನು ನಾನು ನೋಡಲಿಲ್ಲ. ಇಪ್ಪತ್ತು ಇಪ್ಪತ್ತೈದು ಮಕ್ಕಳ ಮೂಗು, ಕಣ್ಣೀರು, ಗಂಜಿ ಮೆತ್ತಿದ ಗಲ್ಲ ಎಲ್ಲವೂ ಅದರಲ್ಲೇ ಒರೆಸಿಹೋಗುತ್ತಿದ್ದವು. ಆಗಾಗ ಅಷ್ಟನ್ನೇ ನೀರಿಗೆ ಅದ್ದಿ, ಹಿಂಡಿ, ಮತ್ತೆ ಹೆಗಲಿಗೆ ಹಾಕಿಕೊಳ್ಳುತ್ತಿದ್ದಳು.

ಹಚ್ಚೊಳ್ಳಿಯ ಮಕ್ಕಳಿಗೆಲ್ಲ ಆಕೆ ದೊಡ್ಡವ್ವ. ಆ ಮಕ್ಕಳ ತಾಯಂದಿರಿಗೂ ದೊಡ್ಡವ್ವ. ಬರಬರುತ್ತ ನನಗೂ.

ಅವು ಎಂಬತ್ತರ ದಶಕದ ಮೊದಲ ವರ್ಷಗಳು. ನಾನು ಬಳ್ಳಾರಿ ಪಾರ್ವತಿನಗರದ ಹುಡುಗಿ, ಶೇಂಗಾ ವ್ಯಾಪಾರಿಯ ಮಗಳು. ಸಮಾಜಕಾರ್ಯದಲ್ಲಿ ಎಂ.ಎ. ಮುಗಿಸಿ ಮನೆಗೆ ಬಂದಾಗ, ಮಕ್ಕಳ ಹಕ್ಕುಗಳಿಗಾಗಿ ದುಡಿಯುವ ಒಂದು ಅಂತರರಾಷ್ಟ್ರೀಯ ಸಂಸ್ಥೆ ಊರಲ್ಲಿ ಸಣ್ಣ ಕಚೇರಿ ತೆರೆದಿತ್ತು. ಅಲ್ಲಿ ನನಗೆ ಕಾರ್ಯಕ್ರಮಗಳ ಯೋಜನೆ ರೂಪಿಸುವ ಕೆಲಸ ಸಿಕ್ಕಿತು. ದೊಡ್ಡ ಹಾಳೆಯ ಮೇಲೆ ಗೆರೆ ಎಳೆದು ಸಮಸ್ಯೆ, ಉದ್ದೇಶ, ಚಟುವಟಿಕೆ, ಫಲ ಎಂದು ಅಂಕಣ ಮಾಡುವುದು, ಅವನ್ನು ತುಂಬುವುದು, ಟೈಪು ಮಾಡಿಸಿ ದಿಲ್ಲಿಯ ಮುಖ್ಯ ಕಚೇರಿಗೆ ಕಳಿಸುವುದು. ನಮ್ಮ ಓಣಿಯಲ್ಲಿ ಜೀಪಿನಲ್ಲಿ ಕೆಲಸಕ್ಕೆ ಹೋಗುವ ಹೆಂಗಸು ಆಗ ನಾನೊಬ್ಬಳೇ. ಅದರ ಬಿಂಕ ನನಗೆ ಸಾಕಷ್ಟಿತ್ತು.

ಮೊದಲ ಸಲ ಹಚ್ಚೊಳ್ಳಿಗೆ ಹೋದದ್ದು ಭತ್ತದ ನಾಟಿಯ ಕಾಲದಲ್ಲಿ. ಊರಿನ ಹೆಂಗಸರೆಲ್ಲ ಗದ್ದೆಯಲ್ಲಿದ್ದರು. ಮುಚ್ಚಿಹೋಗಿದ್ದ ಒಂದು ಅಕ್ಕಿ ಗಿರಣಿಯ ಹಿಂದಿನ ತಗಡಿನ ಚಪ್ಪರದಲ್ಲಿ ಗೋಣಿಚೀಲ ಹಾಸಿ, ಬಾಗಿಲಿಗೆ ಅಡ್ಡಲಾಗಿ ಹಳೆಯ ಹೊರಸನ್ನು ನಿಲ್ಲಿಸಿ, ಅದರ ಒಳಗೆ ಮಕ್ಕಳ ಹಿಂಡಿನ ನಡುವೆ ದೊಡ್ಡವ್ವ ಕೂತಿದ್ದಳು. ಒಂದೊಂದು ಮನೆಯಿಂದ ಹಿಡಿ ನುಚ್ಚು ಬರುತ್ತಿತ್ತಂತೆ, ಅದರದೇ ಗಂಜಿ. ಅದಕ್ಕೆ ಬಾಲವಾಡಿ ಎನ್ನುವ ಹೆಸರೂ ಇರಲಿಲ್ಲ.

ನಾನು ನೋಟುಬುಕ್ಕು ತೆಗೆದು, ನಮ್ಮ ಸಂಸ್ಥೆ ಊರೂರಿಗೆ ಮಕ್ಕಳ ಕೇಂದ್ರ ತೆರೆಯಲಿದೆ, ಬೆಳಿಗ್ಗೆ ಹತ್ತರಿಂದ ಒಂದರವರೆಗೆ ಆಟ, ಪಾಠ, ಊಟ ಎಂದೆಲ್ಲ ವಿವರಿಸಿದೆ. ಆಕೆ ಕೊನೆಯವರೆಗೆ ಕೇಳಿದಳು.

“ಹತ್ತಕ್ಕ ತೆರಿತೀರಿ. ಇವರವ್ವಂದಿರು ಆರಕ್ಕ ಹೊಲಕ್ಕ ಹೋಗತಾರ. ಹತ್ತರ ತನಕ ಕೂಸು ಎಲ್ಲಿರಬೇಕ್ರಿ ಮೇಡಮ್ಮೋರೆ? ಕಾಲುವಿ ದಂಡಿಮ್ಯಾಗೇನು?”

ನೋಟುಬುಕ್ಕಿನಲ್ಲಿ ಬರೆದಿದ್ದ ಹತ್ತು ಗಂಟೆಯನ್ನು ಹೊಡೆದುಹಾಕಿದೆ.

“ನಂದೊಂದು ಹಂಗ ಹೋತ್ರಿ ಕಾಲುವ್ಯಾಗ,” ಎಂದಳು. “ಮೂರು ವರ್ಷದ್ದು. ನಾನು ನಾಟಿ ಹಚ್ಚಾಕ ಹೋಗಿದ್ದೆ.” ಹೇಳುತ್ತಲೇ ಪಕ್ಕದ ಕೂಸಿನ ಬಾಯಿಂದ ಮಣ್ಣು ತೆಗೆದಳು.

ಅಂದಿನಿಂದ ಎರಡು ವಾರಕ್ಕೊಮ್ಮೆಯಾದರೂ ನಾನು ಆ ಚಪ್ಪರಕ್ಕೆ ಹೋಗತೊಡಗಿದೆ. ಮೂರನೇ ಭೇಟಿಗೇ ಮೇಡಮ್ಮೋರು ಹೋಗಿ ತಂಗಿಯಾದೆ. ಎಂ.ಎ.ಯ ಎರಡು ವರ್ಷದಲ್ಲಿ ಕಲಿಯದ್ದನ್ನು ಗೋಣಿಚೀಲದ ಮೇಲೆ ಕೂತು ಕಲಿತೆ. ನಡೆಯಲು ಬರುವ ಕೂಸಿಗಿಂತ, ನಡೆಯಲು ಈಗಷ್ಟೇ ಕಲಿತ ಕೂಸಿಗೆ ಕಾವಲು ಹೆಚ್ಚು ಬೇಕು. ತಾಯಿ ಹೊರಡುವಾಗ ಕಣ್ತಪ್ಪಿಸಿ ಹೋಗಬಾರದು, ಅಳಿಸಿಯಾದರೂ ಹೇಳಿಯೇ ಹೋಗಬೇಕು. ಇಲ್ಲವಾದರೆ ಕೂಸು ದಿನವಿಡೀ ಬಾಗಿಲು ನೋಡುತ್ತದೆ. ಒಂದು ದಿನ ಆಕೆ ಹೇಳಿದ ಮಾತನ್ನಂತೂ ನಾನು ಗೆರೆ ಎಳೆದು ಬರೆದುಕೊಂಡೆ:

“ಕೂಸು ನನ್ನ ಕಡೆ ಬಂದ್ರ, ಅದನ್ನ ಎತಗೊಂಡು ಮನ್ಯಾಗ ಕುಂತಿದ್ದ ಅದರಕ್ಕ ಸಾಲಿಗೆ ಹೋಗತೈತಿ ತಂಗಿ. ಒಂದಕ್ಕ ಎರಡು ಹುಡುಗ್ರು ಉದ್ಧಾರ.”

ಆಕೆ ಸಾಧ್ವಿಯೇನೂ ಆಗಿರಲಿಲ್ಲ. ಬಾಯಿ ಜೋರು, ಸಿಟ್ಟು ಇನ್ನೂ ಜೋರು. ಒಮ್ಮೆ ಒಂದು ಕೂಸಿನ ಮೈ ಕಾವೇರಿದಾಗ, ಉಳಿದ ಮಕ್ಕಳನ್ನು ನನ್ನ ಸುಪರ್ದಿಗೆ ಬಿಟ್ಟು, ಅದನ್ನು ಎತ್ತಿಕೊಂಡು ಸೀದಾ ಗದ್ದೆಗೆ ನಡೆದಳು. ನಾಟಿಯ ಸಾಲಿನಲ್ಲಿದ್ದ ತಾಯಿಯನ್ನು ತೋಳು ಹಿಡಿದು ಎಬ್ಬಿಸಿದಳಂತೆ. ಹೊಲದ ಧಣಿ ಬದುವಿನ ಮೇಲೆ ನಿಂತು ಕೂಗಾಡಿದ್ದಕ್ಕೆ, “ನಿನ್ನ ನಾಟಿ ನಾಳೇನೂ ಆಗತೈತಿ ಗೌಡಾ. ಇದರ ಜ್ವರ ನಾಳಿ ತನಕ ಕಾಯಂಗಿಲ್ಲ” ಎಂದಳಂತೆ. ತಾಯಿ ಕೂಸನ್ನು ಎತ್ತಿಕೊಂಡು ಸಿರುಗುಪ್ಪದ ಆಸ್ಪತ್ರೆಗೆ ನಮ್ಮ ಜೀಪಿನಲ್ಲೇ ಹೋದಳು. ಕೂಸು ಉಳಿಯಿತು. ಅಷ್ಟು ಹೊತ್ತು ಚಪ್ಪರ ನೋಡಿಕೊಂಡ ನಾನು ಹೈರಾಣಾಗಿ ಹೋಗಿದ್ದೆ. ಹಿಂದಿರುಗಿದ ದೊಡ್ಡವ್ವ ಮೊದಲು ತಲೆ ಎಣಿಸಿದಳು, ಆಮೇಲೆ ನನ್ನ ಮುಖ ನೋಡಿ ನಕ್ಕಳು.

ಆ ವರ್ಷದ ಕೊನೆಗೆ ನಾನು ಯೋಜನೆ ಬರೆದೆ. ಸಿರುಗುಪ್ಪ ಮತ್ತು ಕುರುಗೋಡು ಕಡೆಯ ಹಳ್ಳಿಗಳಲ್ಲಿ, ಹಚ್ಚೊಳ್ಳಿ ಬಾದನಹಟ್ಟಿ ಸೇರಿದಂತೆ, ಬೆಳಿಗ್ಗೆ ಆರಕ್ಕೇ ತೆರೆಯುವ ಮಕ್ಕಳ ಕೇಂದ್ರಗಳು. ತಮ್ಮಂದಿರನ್ನು ಕೇಂದ್ರಕ್ಕೆ ಬಿಟ್ಟು ಶಾಲೆಗೆ ಹೋಗುವ ಅಕ್ಕಂದಿರು. ದಿಲ್ಲಿಯಲ್ಲಿ ಅದನ್ನು ಓದಿದವರು ಬೆರಗಾದರು. ಈ ಯೋಚನೆ ಹೇಗೆ ಹೊಳೆಯಿತು ಎಂದು ನಮ್ಮ ಕಚೇರಿಯ ಮುಖ್ಯಸ್ಥರು ಎಲ್ಲರೆದುರು ಕೇಳಿದಾಗ, “ಕ್ಷೇತ್ರ ಸುತ್ತಿದಾಗ ಗಮನಕ್ಕೆ ಬಂತು ಸಾರ್” ಎಂದೆ. ಯಾರ ಗಮನಕ್ಕೆ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಆ ಯೋಜನೆಯಲ್ಲಿ ಒಂದು ಅಂಕಣ ಖಾಲಿ ಉಳಿದಿತ್ತು: ಕೇಂದ್ರ ನಡೆಸುವವರ ಅರ್ಹತೆ. ಅಂಚೆಗೆ ಹಾಕಲು ಹೊತ್ತಾಗುತ್ತಿತ್ತು. ಬೇರೊಂದು ಯೋಜನೆಯನ್ನು ನೋಡಿ “ಎಸ್ಸೆಸ್ಸೆಲ್ಸಿ ತೇರ್ಗಡೆ, ವಯಸ್ಸು ಮೂವತ್ತೈದರೊಳಗೆ” ಎಂದು ತುಂಬಿದೆ. ದೊಡ್ಡವ್ವ ಮೂರನೇ ಇಯತ್ತೆಗೆ ಸಾಲಿ ಬಿಟ್ಟವಳು, ಐವತ್ತು ದಾಟಿದವಳು. ಗೊತ್ತಿರಲಿಲ್ಲವೆಂದು ಹೇಳುವಂತಿಲ್ಲ. ಬರೆಯುವಾಗ ಆಕೆಯ ಮುಖ ಕಣ್ಣೆದುರು ಬಂದಿತ್ತು. ಮುಂದೆ ಏನಾದರೂ ದಾರಿ ಮಾಡಿದರಾಯಿತು ಎಂದುಕೊಂಡು ಲಕೋಟೆ ಅಂಟಿಸಿದೆ.

ಮುಂದೆ ನಾನು ಯಾವ ದಾರಿಯನ್ನೂ ಮಾಡಲಿಲ್ಲ. ಆಕೆಗೆ ಹೇಳಲೂ ಇಲ್ಲ.

ಹಚ್ಚೊಳ್ಳಿಯ ಕೇಂದ್ರದ ಪ್ರಾರಂಭದ ದಿನ ದೊಡ್ಡವ್ವ ಹಸಿರು ಇಳಕಲ್ ಸೀರೆ ಉಟ್ಟು, ಮಕ್ಕಳಿಗೆಲ್ಲ ಎಣ್ಣೆ ಹಚ್ಚಿ ತಲೆ ಬಾಚಿ, ಸಾಲಾಗಿ ಕರೆದುಕೊಂಡು ಬಂದಳು. ಹೊಸ ಕೋಣೆಯ ಮುಂದೆ ಕುರ್ಚಿಗಳಿದ್ದವು. ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದಳು:

“ನಾನೆಲ್ಲಿ ಕುಂದರ್ಲಿ ತಂಗಿ?”

“ಹಿಂದ... ತಾಯಂದಿರ ಜೋಡಿ ಕುಂದರ್ರಿ ದೊಡ್ಡವ್ವ,” ಎಂದೆ.

ಕೂತಳು. ಮುಖ್ಯಸ್ಥರು ಸಿರುಗುಪ್ಪದಿಂದ ಬಂದ, ಎಸ್ಸೆಸ್ಸೆಲ್ಸಿ ಪಾಸಾದ ಹುಡುಗಿಯನ್ನು ಕರೆದು, ಇವರೇ ಇನ್ನು ಮುಂದೆ ನಿಮ್ಮ ಅಕ್ಕೋರು ಎಂದು ಪರಿಚಯಿಸಿದರು. ಚಪ್ಪಾಳೆಯ ಸದ್ದಿಗೆ ಬೆದರಿದ ಮಕ್ಕಳು ಎದ್ದು ಹಿಂದಕ್ಕೆ ದೊಡ್ಡವ್ವನ ಕಡೆ ಓಡಿದವು. ಆಕೆ ಒಂದೊಂದೇ ಕೈ ಬಿಡಿಸಿ, ಬೆನ್ನು ತಟ್ಟಿ, “ಹೋಗ್ರಿ, ಅಕ್ಕೋರು ಛಲೋ ಅದಾರ” ಎಂದು ಮುಂದಕ್ಕೆ ಕಳಿಸಿದಳು. ನನ್ನ ಕಡೆ ಮಾತ್ರ ನೋಡಲಿಲ್ಲ.

ಅಲ್ಲಿಗೆ ಮುಗಿದಿದ್ದರೆ ನನ್ನದು ಒಂದೇ ತಪ್ಪಾಗುತ್ತಿತ್ತು. ಆದರೆ ಸಿರುಗುಪ್ಪದಿಂದ ಮೊದಲ ಬಸ್ಸು ಹಚ್ಚೊಳ್ಳಿ ಮುಟ್ಟುತ್ತಿದ್ದುದು ಎಂಟೂವರೆಗೆ. ಕೇಂದ್ರ ತೆರೆಯಬೇಕಾದುದು ಆರಕ್ಕೆ. ಆ ಎರಡೂವರೆ ತಾಸು ಕೂಸುಗಳನ್ನು ನೋಡಿಕೊಂಡವಳು ದೊಡ್ಡವ್ವ. ಆರಂಭವಾದ ಎರಡನೆಯ ದಿನವೇ ಬಂದು ಮೆಟ್ಟಿಲ ಮೇಲೆ ಕೂತಳಂತೆ. ಯಾರೂ ಕರೆದಿರಲಿಲ್ಲ. ಬಸ್ಸು ಬಂದು ಟೀಚರು ಇಳಿದರೆ, ಯಾವ ಕೂಸು ಏನು ತಿಂದಿದೆ, ಯಾವುದಕ್ಕೆ ಕೆಮ್ಮು ಎಂದು ಹೇಳಿ ಎದ್ದು ಮನೆಗೆ ಹೋಗುತ್ತಿದ್ದಳು. ಟೀಚರು ಪ್ರಾಮಾಣಿಕ ಹುಡುಗಿ, ಇದನ್ನು ನನಗೆ ಹೇಳಿದಳು. ಆದರೂ ಪ್ರತಿ ತಿಂಗಳ ವರದಿಯಲ್ಲಿ “ಆರು ಗಂಟೆಗೆ ಕೇಂದ್ರ ತೆರೆಯುವ ಪ್ರಯೋಗ ಯಶಸ್ವಿ” ಎಂದು ಬರೆದು ನಾನು ಸಹಿ ಮಾಡಿದೆ. ಆಕೆಯ ಹೆಸರು ಯಾವ ಹಾಜರಿಯಲ್ಲೂ ಇರಲಿಲ್ಲ.

ಎರಡು ವರ್ಷದ ಮೇಲೆ ವಿದೇಶದಿಂದ ಸಂಸ್ಥೆಯ ಹಿರಿಯ ಅಧಿಕಾರಿಯೊಬ್ಬರು ಕೇಂದ್ರ ನೋಡಲು ಬಂದರು. ವಯಸ್ಸಾದ, ಸೌಮ್ಯ ಹೆಂಗಸು. ಅಷ್ಟರಲ್ಲಿ ನನ್ನನ್ನು ದಿಲ್ಲಿಗೆ ಕರೆಸಿಕೊಳ್ಳುವ ಮಾತು ನಡೆದಿತ್ತು. ಟೀಚರಿಗೆ ಹಿಂದಿನ ದಿನವೇ ಬಂದು ಊರಲ್ಲಿ ಉಳಿಯಲು ಹೇಳಿದ್ದೆ. ಬರಬೇಡ ಎಂದು ದೊಡ್ಡವ್ವನಿಗೆ ಹೇಳಿಕಳಿಸಲು ಮಾತ್ರ ನಾಲಿಗೆ ಏಳಲಿಲ್ಲ.

ಆರು ಗಂಟೆಗೆ ಜೀಪು ನಿಂತಾಗ ಟೀಚರು ಬಾಗಿಲಲ್ಲಿ ನಿಂತಿದ್ದಳು. ಮಕ್ಕಳು ಮಾತ್ರ ಮೆಟ್ಟಿಲ ಮೇಲೆ ದೊಡ್ಡವ್ವನ ಸುತ್ತ. ಒಂದು ತೊಡೆಯ ಮೇಲೆ, ಒಂದು ಬೆನ್ನ ಮೇಲೆ. ಅತಿಥಿ ಅದನ್ನೇ ನೋಡುತ್ತ ನಿಂತು, ಈಕೆ ಯಾರು ಎಂದು ನನ್ನನ್ನು ಇಂಗ್ಲಿಷಿನಲ್ಲಿ ಕೇಳಿದರು.

ನಿಜ ಹೇಳಿದರೆ ಎರಡು ವರ್ಷದ ವರದಿಗಳು ಸುಳ್ಳಾಗುತ್ತಿದ್ದವು. “ಯಾರದೋ ಅಜ್ಜಿ. ಮೊಮ್ಮಗುವನ್ನು ಬಿಡಲು ಬಂದಿದ್ದಾಳೆ” ಎಂದೆ.

ತನ್ನ ಮಾತೇ ಬಂತೆಂದು ದೊಡ್ಡವ್ವನಿಗೆ ತಿಳಿಯಿತು. “ಏನು ಕೇಳಿದ್ರು ತಂಗಿ?” ಎಂದಳು.

“ಆರಾಮ ಅದಾರೇನು ಅಂತ ಕೇಳಿದ್ರು.”

ಆಕೆ ಕೂಸನ್ನು ತೊಡೆಯಿಂದ ಇಳಿಸಿ, ಎದ್ದು, ಎರಡೂ ಕೈ ಜೋಡಿಸಿದಳು. “ಛಲೋ ಅದೀನಿ ಅಂತ ಹೇಳು. ಅಷ್ಟು ದೂರದಿಂದ ಬಂದು ಕೇಳಿದ್ರಲ್ಲ, ಅವರ ಹೊಟ್ಟಿ ತಣ್ಣಗಿರಲಿ.”

ಅದನ್ನೂ ಇಂಗ್ಲಿಷಿಗೆ ಅನುವಾದಿಸಿ ಹೇಳಿದೆ.

ಮೂರು ತಿಂಗಳಲ್ಲಿ ನಾನು ದಿಲ್ಲಿಗೆ ಹೋದೆ. ಆಕೆಗೆ ಹೇಳಿ ಹೋಗಲಿಲ್ಲ. ಹೇಳಿಯೇ ಹೋಗಬೇಕೆಂದು ಕಲಿಸಿದವಳಿಗೇ ಹೇಳಲಿಲ್ಲ. ದಿಲ್ಲಿಯಲ್ಲಿ ಕೆಲಸ ದೊಡ್ಡದಾಯಿತು, ಹಾಳೆಯ ಅಂಕಣಗಳು ಹೆಚ್ಚಾದವು. ಆಕೆಗೆ ಒಂದು ಕಾಗದ ಬರೆಯಬೇಕೆಂದು ಎಷ್ಟೋ ಸಲ ಕೂತೆ. ಓದಿ ಹೇಳಬೇಕಾದವಳು ಆ ಟೀಚರೇ ಎಂಬುದು ನೆನಪಾಗಿ ಬರೆಯದೆ ಎದ್ದೆ.

ದಶಕದ ಕೊನೆಗೆ ರಜೆಯ ಮೇಲೆ ಬಳ್ಳಾರಿಗೆ ಬಂದಾಗ, ಇನ್ನು ತಡೆಯಲಾರದೆ ಬಸ್ಸು ಹಿಡಿದು ಹಚ್ಚೊಳ್ಳಿಗೆ ಹೋದೆ. ಮನೆಯಲ್ಲಿ ಆಕೆಯ ಮಗಳಿದ್ದಳು. ನನ್ನನ್ನು ಗುರುತಿಸಿ ಚಾಪೆ ಹಾಸಿದಳು.

“ಅವ್ವ ಹೋಗಿ ಒಂದು ವರ್ಷದ ಮ್ಯಾಲಾತ್ರಿ. ಮೂರು ದಿನ ಜ್ವರ ಅಷ್ಟ. ಜ್ವರದಾಗೂ ಎರಡು ದಿನ ಕೂಸುಗೋಳ ಕಡೆ ಹೋಗಿದ್ಲು.”

ಮಜ್ಜಿಗೆ ತಂದುಕೊಟ್ಟಳು. ಎದುರಿಗೆ ಕೂತು ಕೇಳಿದಳು: “ನಿಮ್ಮ ಆಫೀಸಿನ ಕಾಗದದಾಗ ಎಲ್ಲ್ಯಾದ್ರೂ ಅವ್ವನ ಹೆಸರು ಐತೇನ್ರಿ?”

ಎಷ್ಟೋ ವರ್ಷಗಳ ಮೇಲೆ ಆ ಊರಿನಲ್ಲಿ ಮೊದಲ ಸಲ ನಾನು ನಿಜ ಹೇಳಿದೆ. “ಇಲ್ಲವ್ವ. ನಾನು ಬರೀಲಿಲ್ಲ. ಬರಿಯಾಕ ಬರತಿತ್ತು, ಬರೀಲಿಲ್ಲ.”

ಬಯ್ಯುತ್ತಾಳೆಂದುಕೊಂಡೆ. ಬಯ್ದಿದ್ದರೆ ಚೆನ್ನಾಗಿತ್ತು.

“ಅವ್ವಗ ಗೊತ್ತಿತ್ರಿ,” ಎಂದಳು. “ನಿಮ್ಮ ಆಫೀಸಿನವರು ಈ ಕೇಂದ್ರದ ಮ್ಯಾಲೆ ಒಂದು ಪುಸ್ತಕ ಮಾಡಿಸಿ ಕಳಿಸಿದ್ರಲ್ಲ, ಅಕ್ಕೋರು ಪೂರಾ ಓದಿ ಹೇಳಿದ್ರು. ನನ್ನ ಸುದ್ದಿ ಎಲ್ಲೈತಿ ಅಂತ ಎರಡು ಸಲ ಓದಿಸಿದ್ಲು. ಅವತ್ತು ಉಣ್ಣಲಿಲ್ಲ. ಮರುದಿನ ಆರಕ್ಕ ಮತ್ತ ಹೋದ್ಲು. ಯಾಕವ್ವ ಹೋಗತಿ ಅಂದ್ರ, ‘ಕೂಸುಗೋಳೇನು ಮಾಡ್ಯಾವು? ಆ ತಂಗಿ ಅಂಜಿಬಿಟ್ಟಾಳ. ಓದಿದೋರಿಗೆ ಅಂಜಿಕಿ ಭಾಳ’ ಅಂದ್ಲು.”

ನಾನು ಎಷ್ಟೋ ಸಭೆಗಳಲ್ಲಿ, ಎಷ್ಟೋ ದೇಶಗಳ ಜನರ ಮುಂದೆ ಮಕ್ಕಳ ಹಕ್ಕಿನ ಬಗ್ಗೆ ಮಾತಾಡಿದ್ದೇನೆ. ನನ್ನನ್ನು ಇಷ್ಟು ಸರಿಯಾಗಿ ಓದಿದವರು ಆಮೇಲೆ ಯಾರೂ ಸಿಗಲಿಲ್ಲ.