ಗವರ್ನರ್ ಮನೆಯ ಹೊಸ್ತಿಲು

ಎಪ್ಪತ್ತರ ದಶಕದ ನಡುವೆ, ಡೆಟ್ರಾಯಿಟ್ ಪಕ್ಕದ ಫಾರ್ಮಿಂಗ್ಟನ್ ಹಿಲ್ಸ್‌ನಲ್ಲಿದ್ದಾಗ, ನಮ್ಮ ಮೊದಲ ಮಗು ಹುಟ್ಟುವಾಗಲೇ ತೀರಿಕೊಂಡಿತು. ಆಮೇಲೆ ನನ್ನ ಹೆಂಡತಿ ಮಾತೇ ಬಿಟ್ಟಳು. ಹೊಸ ಟಿ.ವಿ. ತಂದೆ, ಷಿಕಾಗೋ ಸುತ್ತಿಸಿದೆ. ಬರಿಗೈಲಿ ಬಂದು, ಕಾರಿನಿಂದ ಸೋಫಾದವರೆಗೆ ಎಲ್ಲವನ್ನೂ ಚೌಕಾಸಿಯಿಂದಲೇ ಪಡೆದ ನನಗೆ ಏನಾದರೂ ಕೊಡಿಸುವುದು ಬಿಟ್ಟು ಬೇರೆ ದಾರಿ ಗೊತ್ತಿರಲಿಲ್ಲ.

ಅವಳ ಬಾಯಿ ಬಿಡಿಸಿದ್ದು ಒಂದು ಹಳೆಯ ಮನೆ. ರಾಜ್ಯ ಹುಟ್ಟಿದ ಕಾಲದ ಗವರ್ನರೊಬ್ಬರು ಕಟ್ಟಿಸಿದ್ದನ್ನು ಊರವರು ನೋಡಲು ಬರುವವರಿಗಾಗಿ ಜೋಪಾನ ಮಾಡಿದ್ದರು. ಮುಂದೆ ಗ್ರೀಕ್ ದೇಗುಲದಂತೆ ನಾಲ್ಕು ಕಂಬ. ತಟ್ಟಿದರೆ ಟೊಳ್ಳು ಮರ! ಬಣ್ಣಕ್ಕೆ ಮರಳು ಬೆರೆಸಿ ಬಳಿದು ಕಲ್ಲೆನ್ನಿಸಿದ್ದರು. ಮನೆ ಕೊಳ್ಳುವವರೇ, ಕಂಬವನ್ನು ನೋಡಿ ಸುಮ್ಮನಾಗಬೇಡಿ, ತಟ್ಟಿ. ಒಳಗೆ ಅಲೆಯಲೆಯಾದ ಕಿಟಕಿಗಾಜು, ಕಮ್ಮಾರ ಬಡಿದ ಮೊಳೆ, ಕೋಣೆಗೊಂದು ಬೆಂಕಿಗೂಡು. ಮಹಡಿಯ ಪುಟ್ಟ ಕೋಣೆಯಲ್ಲಿ ಗವರ್ನರರ ಇಬ್ಬರು ಮಕ್ಕಳು ಒಂದೇ ಚಳಿಗಾಲದಲ್ಲಿ ಜ್ವರದಿಂದ ತೀರಿಕೊಂಡರಂತೆ. ಅಲ್ಲಿ ನಿಂತು ನನ್ನ ಹೆಂಡತಿ, ಆ ಮಕ್ಕಳ ತಾಯಿ ಆಮೇಲೆ ಎಷ್ಟು ವರ್ಷ ಬದುಕಿದ್ದಳೆಂದು ಕೇಳಿದಳು. ತಿಂಗಳುಗಳ ನಂತರದ ಮೊದಲ ಪ್ರಶ್ನೆ ಅದು.

ಮನೆ ನೋಡಿಕೊಳ್ಳುತ್ತಿದ್ದ ಅಜ್ಜಿ ಅವಳ ಮುಖ ನೋಡಿ, ಶನಿವಾರ ಬಂದು ನೀನೇ ತೋರಿಸು ಎಂದು ಬೀಗದ ಕೈ ಕೊಟ್ಟರು. ಪ್ರತಿ ಶನಿವಾರ ನಾನು ಡ್ರೈವ್ ಮಾಡಿ ಬಿಡುತ್ತಿದ್ದೆ. ಅವಳು ಹರಕು ಇಂಗ್ಲಿಷಿನಲ್ಲಿ ಬಂದವರಿಗೆ ಕಂಬ, ಮೊಳೆಗಳ ಕಥೆ ಹೇಳುತ್ತಿದ್ದಳು. ಮರಳುವಾಗ ಕಾರಿನಲ್ಲಿ ನನ್ನೊಡನೆಯೂ ಮಾತು.

ಶ್ರಾವಣ ಬಂತು. ಒಂದು ಶನಿವಾರ ಬಾಗಿಲು ತೆರೆದವಳು, ಬೆಳಗಿನ ಅಭ್ಯಾಸದಂತೆ ಆ ಮನೆಯ ಹೊಸ್ತಿಲಿಗೂ ಅರಿಶಿನ ಬಳಿದು ಕುಂಕುಮವಿಟ್ಟಳು. ಗವರ್ನರ್ ಕಾಲದ್ದೇ ಓಕ್ ಹಲಗೆ. ಕಲೆ ಉಳಿದೀತೆಂದು ನಾನು ಒಳಗಿನ ಕಪಾಟಿನಿಂದ ವಾಷಿಂಗ್ ಸೋಡಾ ತಂದೆ.

"ರೀ, ಬಿಡ್ರೀ. ಬಿಸಿಲು ಬಿದ್ರೆ ನಾಲ್ಕು ದಿನದಲ್ಲಿ ತಾನೇ ಹೋಗತ್ತೆ."

"ನಾಲ್ಕು ದಿನ ಯಾರು ಕಾಯ್ತಾರೆ?" ಎಂದು ನೀರು ಹಾಕಿ ಉಜ್ಜಿದೆ. ಹಳದಿ ಹೋಗಿ ಹಲಗೆಯೆಲ್ಲ ರಕ್ತಗೆಂಪಾಯಿತು.

"ಅಯ್ಯೋ, ಓಕುಳಿ ಮಾಡಿಬಿಟ್ರಲ್ಲ! ನಿಮ್ಮಮ್ಮ ಆರತಿಗೆ ಅರಿಶಿನ ಸುಣ್ಣ ಕಲಸಿದ್ದನ್ನ ಒಂದ್ಸಲಾನೂ ನೋಡಿಲ್ವಾ, ಎಂಜಿನಿಯರ್ ಸಾಹೇಬ್ರೇ?" ಎಂದು ಅವಳು ನಕ್ಕಳು. ಹೌದು, ನಕ್ಕಳು.

ಅಷ್ಟರಲ್ಲಿ ಅಜ್ಜಿ ಬಂದರು. ಹೆಂಡತಿ ತಪ್ಪಾಯಿತೆಂದು ಕೈಜೋಡಿಸಿ, ಅದು ಪೂಜೆ ಎಂದು ವಿವರಿಸುತ್ತಿದ್ದಳು. ಅಜ್ಜಿ ಕೇಳುತ್ತಲೂ ಇದ್ದರು. ನಾನು ಸುಮ್ಮನಿರಬೇಕಿತ್ತು. ನಡುವೆ ಬಾಯಿ ಹಾಕಿ, ಈ ಹಳೆಯದನ್ನು ಕಿತ್ತು ಇದಕ್ಕಿಂತ ಗಟ್ಟಿ ಹಲಗೆ ನಾಳೆಯೇ ಹಾಕಿಸಿಕೊಡುತ್ತೇನೆ, ಯಾರಿಗೂ ವ್ಯತ್ಯಾಸ ತಿಳಿಯುವುದಿಲ್ಲ ಎಂದೆ. ಅಜ್ಜಿಯ ಮುಖ ಬಿಗಿದುಕೊಂಡಿತು. ನನ್ನತ್ತ ನೋಡದೆ, ನನ್ನ ಹೆಂಡತಿಯಿಂದ ಬೀಗದ ಕೈ ಕೇಳಿ ಪಡೆದರು.

ಮರಳುವಾಗ ಕಾರಿನಲ್ಲಿ, ಹೆದ್ದಾರಿಯಿಂದ ಇಳಿಯುವ ನಮ್ಮ ಎಕ್ಸಿಟ್ ಬಂದಾಗ ಅವಳು ಹೇಳಿದಳು: "ಆಸ್ಪತ್ರೇಲೂ ನನಗೆ ಹೀಗೇ ಅಂದ್ರಿ. ಇನ್ನೊಂದಾಗತ್ತೆ ಬಿಡು ಅಂತ."

ಮುಂದಿನ ಶನಿವಾರ ಅವಳು ಎಂದಿನಂತೆ ಸೀರೆಯುಟ್ಟು, ತಲೆ ಬಾಚಿ, ಸೋಫಾದ ತುದಿಯಲ್ಲಿ ಕೂತಳು. ಗವರ್ನರ್ ಮನೆಗೆ ಹೊರಡುವ ಹೊತ್ತು ಮೀರಿತು. ಮಧ್ಯಾಹ್ನದವರೆಗೂ ಹಾಗೇ ಕೂತಿದ್ದು, ಎದ್ದು ಸೀರೆ ಬದಲಿಸಿದಳು.