ಬಿಳಿ ಬಣ್ಣದಡಿಯ ಗುಡ್ಡ

ಮಸ್ಕತ್ತಿಗೆ ಬಂದು ಹತ್ತೊಂಬತ್ತು ವರ್ಷವಾಯಿತು. ಅಷ್ಟೂ ವರ್ಷ ಮಕ್ಕಳಿಗೆ ಚಿತ್ರಕಲೆ ಕಲಿಸಿದ್ದೇನೆ. ‘ನಿಮಗೇನು ಟೀಚರ್, ಬಣ್ಣ ಬಳಿಯುವ ಕೆಲಸ, ಆರಾಮ’ ಎಂದು ಯಾರಾದರೂ ಹೇಳಿದರೆ ಈಗೀಗ ಜಗಳಕ್ಕೆ ನಿಲ್ಲುವ ತ್ರಾಣವೂ ಇಲ್ಲ. ವಾರಕ್ಕೆ ಮೂವತ್ತು ಪೀರಿಯಡ್ಡು, ತರಗತಿಗೆ ನಲವತ್ತು ಮಕ್ಕಳು, ಸಾಲದ್ದಕ್ಕೆ ಪ್ರಾಜೆಕ್ಟು. ಕೆಲವು ವರ್ಷಗಳ ಹಿಂದೆ ಏಳನೆಯ ತರಗತಿಗೆ ಬಂದದ್ದು ಆಸ್ಟ್ರೇಲಿಯಾದ ಮೂಲನಿವಾಸಿಗಳ ಅಧ್ಯಾತ್ಮ. ಮಕ್ಕಳು ಅವರ ನಂಬಿಕೆಗಳನ್ನು ತಿಳಿದುಕೊಂಡು, ತಾವೂ ಒಂದು ಪುರಾಣ ಕಟ್ಟಿ, ಅದನ್ನು ಅವರ ಹಾಗೆ ಚುಕ್ಕಿಗಳಲ್ಲಿ ಚಿತ್ರಿಸಬೇಕು. ಎಂಥ ಕರ್ಮ ಮಾರಾಯ್ರೇ! ಉಡುಪಿ ಕಡೆಯವಳು ನಾನು, ಒಮಾನಿನಲ್ಲಿ ಕೂತು ಆಸ್ಟ್ರೇಲಿಯಾದ ಅಧ್ಯಾತ್ಮ ಹೇಳಬೇಕು.

ಸ್ಕೂಲ್ ಬಸ್ಸಿನಲ್ಲಿ ನಾಲ್ಕು ಪುಟ ಓದಿಕೊಂಡು ಹೋದೆ. ಓದುತ್ತಾ ಸ್ವಲ್ಪ ನೆಟ್ಟಗೆ ಕೂತೆ. ನೆಲವೆಂದರೆ ಬರೀ ಮಣ್ಣಲ್ಲ, ಆದಿಕಾಲದ ಪೂರ್ವಜರು ನಡೆದುಹೋದ ದಾರಿಯಲ್ಲೇ ಗುಡ್ಡ, ಹೊಂಡ, ಒರತೆ ಹುಟ್ಟಿದವು, ಅವರು ಈಗಲೂ ಅಲ್ಲೇ ಇದ್ದಾರೆ ಎಂದಿತ್ತು. ಒಂದು ಜಾಗದ ಕತೆ ಆ ಜಾಗದವರದು, ಕೇಳದೆ ಹೊರಗಿನವರು ಹೇಳುವ ಹಾಗಿಲ್ಲ. ಹೊರಗಿನವರು ನೋಡಬಾರದ್ದನ್ನು ಕೆಲವು ಚಿತ್ರಕಾರರು ಚುಕ್ಕಿಗಳಿಂದ ಮುಚ್ಚಿಬಿಡುತ್ತಾರೆ. ನಮ್ಮ ಕುಟುಂಬದ ದೈವದ ಕೋಣೆಗೂ ಸಿಕ್ಕವರೆಲ್ಲ ನುಗ್ಗುವ ಹಾಗಿಲ್ಲವಲ್ಲ, ನನಗೆ ಇದು ಅರ್ಥವಾಗಲು ಕಷ್ಟವಾಗಲಿಲ್ಲ. ಹಾಗಾಗಿ ತರಗತಿಯಲ್ಲಿ ಖಡಾಖಂಡಿತವಾಗಿ ಹೇಳಿದೆ, ಜಾಗದ ಕತೆ ಆ ಜಾಗದವರದ್ದೇ, ಅವರ ಕತೆಯನ್ನು ಯಾರೂ ಕಾಪಿ ಮಾಡಬಾರದು, ನಿಮ್ಮ ಜಾಗದ ಕತೆಯನ್ನು ನೀವೇ ಕಟ್ಟಿ ಎಂದು.

“ಮಿಸ್, ವಿಚ್ ಪ್ಲೇಸ್? ಇಂಡಿಯಾ ಆರ್ ಹಿಯರ್?” ಹಿಂದಿನ ಬೆಂಚಿನಿಂದ ಪ್ರಶ್ನೆ ಬಂತು.

ನಿನ್ನ ಮನೆಯ ಕಿಟಕಿಯಲ್ಲಿ ಯಾವುದು ಕಾಣುತ್ತದೋ ಅದು, ಖಲಾಸ್ ಎಂದೆ.

ಬಂದ ಪುರಾಣಗಳೋ, ದೇವರಿಗೇ ಪ್ರೀತಿ! ಅಲ್ ಮವಾಲೇಹದ ತರಕಾರಿ ಮಾರ್ಕೆಟ್ಟನ್ನು ಒಂದು ದೊಡ್ಡ ಟೊಮೆಟೊ ಸೃಷ್ಟಿಸಿತಂತೆ. ಆರು ಮಕ್ಕಳು ಡ್ರ್ಯಾಗನ್ ತಂದಿದ್ದರು. ಹತ್ತು ಕತೆ ಓದುವಷ್ಟರಲ್ಲಿ ನನ್ನ ಕಣ್ಣು ಉರಿಯತೊಡಗಿತು. ಉಳಿದ ಮೂವತ್ತಕ್ಕೆ ತಲೆಬರಹ ನೋಡಿ, ‘ಗುಡ್’ ಎಂದು ಬರೆದು, ಅಂಕ ಕೊಟ್ಟು ಕೈತೊಳೆದುಕೊಂಡೆ. ಆಮೇಲೆ ಆ ಹಾಳೆಗಳೆಲ್ಲ ರದ್ದಿಗೆ ಹೋದವು.

ಚಿತ್ರ ಬಿಡಿಸಿದ್ದು ಮರದ ಹಲಗೆಗಳ ಮೇಲೆ. ವಾದಿ ಕಬೀರಿನ ಒಂದು ಬಡಗಿ ವರ್ಕ್‌ಶಾಪಿನಲ್ಲಿ ಕೆಲಸ ಮಾಡುತ್ತಿದ್ದ ಕಾರ್ಕಳ ಕಡೆಯವರೊಬ್ಬರು, ಉಳಿದ ಚೂರುಗಳನ್ನು ಒಂದೇ ಅಳತೆಗೆ ಕೊಯ್ದು ನಮಗೆ ಕೊಟ್ಟಿದ್ದರು. ಅವರ ಮಗಳು ಅದೇ ತರಗತಿಯಲ್ಲಿದ್ದಳು. ಹುಟ್ಟಿದ್ದು, ಬೆಳೆದದ್ದು ಎಲ್ಲ ಮಸ್ಕತ್ತಿನಲ್ಲೇ. ಮಾತು ಕಡಿಮೆ. ಅವಳು ಬಿಡಿಸಿದ್ದು ಅಲ್ಲೇ ವಾದಿ ಕಬೀರಿನಲ್ಲಿದ್ದ ಅವರ ಫ್ಲ್ಯಾಟಿನ ಹಿಂದಿನ ಬೋಳುಗುಡ್ಡವನ್ನು. ಪ್ರದರ್ಶನದ ದಿನ ನನ್ನ ಹತ್ತಿರ ಬಂದು ನಿಂತಳು.

“ಮಿಸ್, ಇದು ನಂಗೆ ಕೊಡ್ತೀರಾ? ಮಾರ್ಚಲ್ಲಿ ನಾವು ಊರಿಗೆ ಹೋಗ್ಲಿಕ್ಕುಂಟು, ಫಾರ್ ಗುಡ್. ಪಪ್ಪನ ವರ್ಕ್‌ಶಾಪ್ ಕ್ಲೋಸ್ ಆಗ್ತದೆ.”

“ಕೊಡುವ, ಪ್ರದರ್ಶನ ಒಮ್ಮೆ ಮುಗೀಲಿ.”

“ಮರೀಬೇಡಿ ಮಿಸ್. ಗುಡ್ಡ ತಗೊಂಡು ಹೋಗ್ಲಿಕ್ಕೆ ಆಗುದಿಲ್ಲಲ್ಲ.”

ಜನವರಿಯಲ್ಲಿ ಮತ್ತೆ ಕೇಳಿದಳು. ಮುಂದಿನ ವಾರ ಎಂದೆ. ಮುಂದಿನ ವಾರ ನನಗೆ ಸ್ಪೋರ್ಟ್ಸ್ ಡೇಯ ಬ್ಯಾನರ್ ಬರೆಯುವುದಿತ್ತು.

ನಮ್ಮ ಆರ್ಟ್ ರೂಮಿನಲ್ಲಿ ಒಂದು ಪದ್ಧತಿ ಉಂಟು. ವರ್ಷದ ಕೊನೆಗೆ ಹಲಗೆಗಳಿಗೆಲ್ಲ ಬಿಳಿ ಬಣ್ಣ ಬಳಿದು ಮುಂದಿನ ವರ್ಷಕ್ಕೆ ಸಿದ್ಧಮಾಡಿ ಇಡುವುದು. ಫೆಬ್ರವರಿಯ ಒಂದು ಮಧ್ಯಾಹ್ನ, ಸೊಂಟ ಹಿಡಿದುಕೊಂಡಿದ್ದರೂ, ಇದೊಂದು ಮುಗಿದರೆ ಸಾಕಪ್ಪ ಎಂದು ರೋಲರ್ ಹಿಡಿದು ನಲವತ್ತಕ್ಕೂ ಎರಡೆರಡು ಕೋಟ್ ಎಳೆದೆ. ಮಕ್ಕಳ ಹೆಸರು ಹಲಗೆಯ ಹಿಂದೆ ಪೆನ್ಸಿಲಿನಲ್ಲಿತ್ತು. ಒಂದನ್ನೂ ತಿರುಗಿಸಿ ನೋಡಲಿಲ್ಲ.

ಮಾರ್ಚಿನಲ್ಲಿ ಟಿ.ಸಿ. ತೆಗೆದುಕೊಳ್ಳಲು ತಾಯಿಯೊಂದಿಗೆ ಬಂದವಳು ಸೀದಾ ಆರ್ಟ್ ರೂಮಿಗೆ ಓಡಿಬಂದಳು. ಸುತ್ತಿಕೊಂಡು ಹೋಗಲು ಮನೆಯಿಂದ ಹಳೆಯ ಬೆಡ್‌ಶೀಟೂ ತಂದಿದ್ದಳು. ಗೋಡೆಗೆ ಒರಗಿಸಿಟ್ಟ ಬಿಳಿ ಹಲಗೆಗಳ ಸಾಲನ್ನು ನೋಡಿದ ಮೇಲೆಯೇ ನನಗೆ ಎಲ್ಲ ನೆನಪಾದದ್ದು. ಒಂದೊಂದನ್ನೇ ತಿರುಗಿಸಿ ಅವಳ ಹೆಸರಿದ್ದ ಹಲಗೆ ಹುಡುಕಿ ಕೊಟ್ಟೆ. ಮುಂದುಗಡೆ ಬರೀ ಬಿಳಿ.

“ಪರ್ವಾಗಿಲ್ಲ ಟೀಚರ್, ಊರಿಗೆ ಹೋಗಿ ಬೇರೆ ಬಿಡಿಸ್ತಾಳೆ” ಎಂದರು ತಾಯಿ, ಪಾಪ, ನನ್ನ ಮುಖ ನೋಡಲಾಗದೆ.

“ಊರಲ್ಲಿ ಈ ಗುಡ್ಡ ಎಲ್ಲುಂಟು ಅಮ್ಮ?”

ಅವಳು ಅಳಲಿಲ್ಲ. ಅತ್ತಿದ್ದರೆ ನನಗೆ ಸಮಾಧಾನ ಮಾಡುವ ಕೆಲಸವಾದರೂ ಸಿಗುತ್ತಿತ್ತು. ನೆಲದ ಮೇಲೆ ಕೂತು, ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡು ಮೆಲ್ಲಗೆ ಬೆರಳಾಡಿಸಿದಳು. ಚುಕ್ಕಿಗಳನ್ನು ದಪ್ಪಗೆ ಇಟ್ಟಿದ್ದಳು, ಬಣ್ಣದಡಿಯಲ್ಲಿ ಅವು ಹಾಗೆಯೇ ಉಬ್ಬಿಕೊಂಡಿದ್ದವು. ಕಣ್ಣು ಮುಚ್ಚಿ ಮೇಲಿನಿಂದ ಕೆಳಗೆ, ಕೆಳಗಿನಿಂದ ಬಲಕ್ಕೆ, ದಾರಿ ಗೊತ್ತಿದ್ದವಳ ಹಾಗೆ ಬೆರಳು ಹೋಯಿತು.

“ಉಂಟು ಮಿಸ್, ಅಡಿಯಲ್ಲಿ ಎಲ್ಲ ಉಂಟು” ಎಂದಳು. “ನಿಮ್ಗೂ ಗೊತ್ತುಂಟಲ್ಲ ಸ್ಟೋರಿ? ಗುಡ್ ಅಂತ ಬರ್ದಿದ್ರಿ.”

ಹೌದು ಎಂದುಬಿಡಬಹುದಿತ್ತು. ಸುಳ್ಳು ಹೇಳಲಿಕ್ಕೂ ಸುಸ್ತಾಗಿತ್ತು ನನಗೆ.

“ಇಲ್ಲ ಮಗಾ. ಓದ್ಲಿಲ್ಲ ನಾನು. ಸುಮ್ನೆ ಬರ್ದದ್ದು. ಈಗ ಹೇಳ್ತೀಯಾ? ಕೂತು ಕೇಳ್ತೇನೆ.” ಹಾಗೆಂದು ನಾನೂ ಅವಳೆದುರು ನೆಲದ ಮೇಲೆ ಕೂತೆ.

ಅವಳು ತಲೆಯೆತ್ತಿ ನನ್ನನ್ನು ನೋಡಿದಳು. ಮೂರು ವರ್ಷ ಪಾಠ ಮಾಡಿದವಳನ್ನು ಈಗ ಗುರುತು ಹಿಡಿಯುವವಳ ಹಾಗೆ.

“ಬೇಡ ಮಿಸ್. ಆ ಜಾಗದವರದ್ದೇ ಕತೆ ಅಂತ ನೀವೇ ಹೇಳಿದ್ದಲ್ವಾ?”

ದನಿಯಲ್ಲಿ ಸಿಟ್ಟಿರಲಿಲ್ಲ. ಬಿಳಿ ಹಲಗೆಯನ್ನು ಬೆಡ್‌ಶೀಟಿನಲ್ಲಿ ಸುತ್ತಿ, ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿ ಹೋದಳು. ಆ ನಮಸ್ಕಾರ ಇವತ್ತಿಗೂ ಚುಚ್ಚುತ್ತದೆ.

ಅದೇ ಪ್ರಾಜೆಕ್ಟು ಮತ್ತೆ ಬಂದಿದೆ. ಹಲಗೆಗಳು ಈಗ ಮೂವತ್ತೊಂಬತ್ತು. ಕತೆಗಳನ್ನು ಈಗ ಕೊನೆಯ ಸಾಲಿನವರೆಗೂ ಓದುತ್ತೇನೆ, ಕಣ್ಣು ಉರಿದರೆ ಉರಿಯಲಿ. ದಿನಾ ಬೆಳಿಗ್ಗೆ ಬಸ್ಸು ವಾದಿ ಕಬೀರ್ ದಾಟುವಾಗ ಎಡಕ್ಕೆ ಆ ಬೋಳುಗುಡ್ಡ ಬರುತ್ತದೆ. ಅದನ್ನು ಯಾರು ಮಾಡಿದರು, ಯಾಕೆ ಮಾಡಿದರು ಎಂದು ನನಗೆ ಗೊತ್ತಿಲ್ಲ. ಗೊತ್ತಿದ್ದವಳು ಕಾರ್ಕಳದಲ್ಲಿದ್ದಾಳೆ.