ಬದಲಿ ಯಾರು?

ಸಂಕಟ ಬಂದಾಗ ವ್ಯಾಪಾರ ನಿಲ್ಲದಂತೆ ಏನು ಏರ್ಪಾಡು ಮಾಡಿದ್ದೀರಿ ಎಂದು ಊರೂರು ತಿರುಗಿ ಕೇಳುವುದೇ ನನ್ನ ಕೆಲಸ. ತಮಿಳುನಾಡಿನ ಓಡೈಪಟ್ಟಿಯ ದ್ರಾಕ್ಷಿ ಶೀತಲಗೃಹಕ್ಕೆ ಹೋಗುವಷ್ಟರಲ್ಲಿ ಆ ಪ್ರಶ್ನೆ ನನಗೇ ಸಾಕಾಗಿ ಹೋಗಿತ್ತು.

ಮಾಲೀಕರು ನಮ್ಮಂತೆಯೇ ಮನೆಯಲ್ಲಿ ಕನ್ನಡ ಆಡುವವರು. ಕಾಫಿ ತರಿಸಿದರು.

"ತಂಪಿನ ಯಂತ್ರ ನೋಡಿಕೊಳ್ಳುವ ನಿಮ್ಮ ತಮ್ಮ ಬರದಿದ್ದರೆ?" ಎಂದೆ.

"ದೊಡ್ಡಪ್ಪನ ಮಗ ಅವ್ನೆ."

"ಅವರೂ ಬರದಿದ್ದರೆ?"

"ಚಿಕ್ಕಪ್ಪನ ಮಗ ಅವ್ನೆ. ಕವಲೆ, ಚಿಂತೆ ಏನೂ ಬೇಡ ಸಾರ್, ಇಲ್ಲಿ ಹೊರಗಿನವ್ರು ಒಬ್ರೂ ಇಲ್ಲ."

ಹೆಚ್ಚು ಕೆದಕುವ ಶಕ್ತಿ ನನಗೂ ಇರಲಿಲ್ಲ. ಸರಿ ಎಂದು ಎದ್ದಾಗ ಅವರ ಫೋನ್ ಬಡಿದುಕೊಂಡಿತು. ಕಂಬಂ ಊರಿನಲ್ಲಿ ಅವರ ಕುಲದ ಹಿರಿಯಜ್ಜ ತೀರಿಕೊಂಡಿದ್ದರು. ಕುಲಕ್ಕೆಲ್ಲ ಸೂತಕ, ಎಲ್ಲರೂ ಮಣ್ಣಿಗೆ ಹೋಗಲೇಬೇಕು. ತಮ್ಮ, ದೊಡ್ಡಪ್ಪನ ಮಗ, ಚಿಕ್ಕಪ್ಪನ ಮಗ ಮೂವರೂ ಕೈ ತೊಳೆದು ಒಂದೇ ವ್ಯಾನು ಹತ್ತಿದರು. ಒಳಗೆ ಕೋಣೆ ತುಂಬ ದ್ರಾಕ್ಷಿ.

"ಯಂತ್ರದ ಹತ್ತಿರ ಯಾರಿರ್ತಾರೆ?" ಎಂದೆ.

ಮಾಲೀಕರು ವ್ಯಾನಿನ ಕಡೆ ನೋಡಿದರು, ಆಮೇಲೆ ನನ್ನ ಕಡೆ.

"ನಿಮ್ದು ಯಾವ ಕುಲ?"

ಹೇಳಿದೆ. ಬೆರಳು ಮಡಚಿ ಮನಸ್ಸಿನಲ್ಲೇ ಸಂಬಂಧ ಕೂಡಿಸಿದರು.

"ಅಂಗಾದ್ರೆ ನೀವು ನಮ್ಗೆ ಭಾವನ ವರಸೆ. ನಿಮ್ಗೆ ಸೂತಕ ಇಲ್ಲ." ಬೀಗದ ಕೈಯನ್ನು ನನ್ನ ಅಂಗೈಯಲ್ಲಿಟ್ಟು, "ಕೆಂಪು ದೀಪ ಹತ್ತಿದ್ರೆ ಈ ಗುಂಡಿ ಒತ್ತಿ ಭಾವ, ಮಣ್ಣು ಮಾಡಿ ಬತ್ತೀವಿ" ಎಂದು ಅವರೂ ವ್ಯಾನು ಹತ್ತಿದರು.

ಕೆಂಪು ದೀಪವನ್ನೇ ನೋಡುತ್ತ ಕೂತೆ. ಹೊರಗಿನವರು ಒಬ್ಬರೂ ಇಲ್ಲ ಎಂಬ ಅವರ ಮಾತು ಆಗಲೂ ಸುಳ್ಳಾಗಿರಲಿಲ್ಲ.